ಕೌನ್ಸೆಲರ್ ಒಳ್ಳೆಯವರೇ, ಆದರೆ ಆ ದಿನದ ಮಾತೇ ಬರುವುದಿಲ್ಲ

ಪ್ರಶ್ನೆ: ನನ್ನ ಯಜಮಾನರಿಗೆ 41 ವರ್ಷ. ಘಾಟ್ಕೋಪರ್‌ನ ಒಂದು ಹೋಟೆಲಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತಾರೆ. ಏಳು ತಿಂಗಳ ಹಿಂದೆ ಬೆಳಗಿನ ರಶ್‌ನಲ್ಲಿ ಲೋಕಲ್‌ನ ಬಾಗಿಲಲ್ಲಿ ಜೊತೆಗೇ ನಿಂತಿದ್ದ ಗೆಳೆಯ, ನಮ್ಮ ಕುಂದಾಪುರದ ಕಡೆಯವನೇ, ಇವರ ಕಣ್ಣೆದುರೇ ಕೆಳಗೆ ಬಿದ್ದು ತೀರಿಹೋದ. ಆ ಮೇಲೆ ಇವರು ಟ್ರೇನ್ ಹತ್ತಿಲ್ಲ, ಬಸ್ಸು ಬದಲಿಸಿಕೊಂಡು ಹೋಗಿಬರುತ್ತಾರೆ. ರಾತ್ರಿ ಬೆವತು ಎದ್ದು ಕೂರುತ್ತಾರೆ. ಕುಕ್ಕರ್ ಸೀಟಿಗೂ ಬೆಚ್ಚಿಬೀಳುತ್ತಾರೆ. ಗೆಳೆಯನ ಮನೆಯವರ ಫೋನ್ ಬಂದರೆ ಎತ್ತುವುದಿಲ್ಲ. ಫ್ಯಾಮಿಲಿ ಡಾಕ್ಟರ್ ನಿದ್ರೆಗೆ ಮಾತ್ರೆ ಕೊಟ್ಟಿದ್ದಾರೆ, ಈಗ ಅದಿಲ್ಲದೆ ಆಗುವುದಿಲ್ಲ. ಒಬ್ಬ ಕೌನ್ಸೆಲರ್ ಹತ್ತಿರ ಐದು ಸಲ ಹೋದೆವು. ಪಾಪ, ತುಂಬ ಚೆನ್ನಾಗಿ ಮಾತಾಡಿಸುತ್ತಾರೆ, ಆದರೆ ಏನೂ ಬದಲಾಗಿಲ್ಲ. ಇದಕ್ಕೆಂದೇ ಬೇರೆ ಡಾಕ್ಟರ್ ಇರುತ್ತಾರೆಯೇ? ಕನ್ನಡ ಬಲ್ಲವರು ಸಿಗುತ್ತಾರೆಯೇ? ಅತ್ತೆಯವರು ಊರಿಗೆ ಬಂದು ದೈವಕ್ಕೆ ಹೇಳಿಕೊಳ್ಳಿ ಎನ್ನುತ್ತಿದ್ದಾರೆ.
– ಹೆಸರು ಬೇಡ, ಡೊಂಬಿವಲಿ

ಉತ್ತರ: ಇದಕ್ಕೆಂದೇ ಚಿಕಿತ್ಸೆ ಇದೆ, ಅದನ್ನು ಕಲಿತವರೂ ಇದ್ದಾರೆ. ನಿಮ್ಮ ಕೌನ್ಸೆಲರ್ ಕೆಟ್ಟವರೇನಲ್ಲ. ಅವರು ಸಮಾಧಾನ ಹೇಳುತ್ತಿದ್ದಾರೆ, ನಿಮ್ಮವರಿಗೆ ಬೇಕಾಗಿರುವುದು ಬೇರೆ ಕೆಲಸ. ಮೂಳೆ ಮುರಿದವನಿಗೆ ಎಣ್ಣೆ ತಿಕ್ಕಿದರೆ ಹಿತವಾಗಬಹುದು, ಮೂಳೆ ಕೂಡಬೇಕಲ್ಲ.

ಪತ್ರ ಓದಿ ಕಾಯಿಲೆಯ ಹೆಸರು ಹೇಳಲಾಗದು. ಆದರೂ ಮನೋವೈದ್ಯರು ಏನನ್ನು ನೋಡುತ್ತಾರೆ ಎಂದು ತಿಳಿದಿದ್ದರೆ ನಿಮಗೆ ಮಾತಾಡಲು ಅನುಕೂಲ. ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ನಾಲ್ಕು ಕಡೆ ಕಾಣಿಸಿಕೊಳ್ಳುತ್ತದೆ. ಕರೆಯದಿದ್ದರೂ ಆ ದೃಶ್ಯ ಮರಳಿ ಬರುವುದು: ಕನಸಿನಲ್ಲಿ, ಎಚ್ಚರದಲ್ಲಿ. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು: ನಿಮ್ಮವರಿಗೆ ಟ್ರೇನ್ ಮತ್ತು ಆ ಫೋನ್. ಮೈ ಸದಾ ಕಾವಲು ನಿಂತಂತಿರುವುದು: ಕುಕ್ಕರ್ ಸೀಟಿ, ನಿದ್ರೆ, ಸಿಡುಕು. ನಾಲ್ಕನೆಯದನ್ನು ನೀವು ಬರೆದಿಲ್ಲ, ಬಹುಶಃ ಅವರೂ ನಿಮಗೆ ಹೇಳಿಲ್ಲ. ‘ನನ್ನಿಂದಲೇ ಆಯಿತು’, ‘ನಾನು ಕೈ ಹಿಡಿಯಬೇಕಿತ್ತು’ ಎಂಬ ಗಟ್ಟಿ ನಂಬಿಕೆ, ಮಕ್ಕಳ ಮೇಲೂ ಪ್ರೀತಿ ಉಕ್ಕದಂಥ ಮರಗಟ್ಟಿದ ಭಾವ. ಗೆಳೆಯನ ಮನೆಯವರ ಫೋನ್ ಎತ್ತದಿರುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ. ಈ ನಾಲ್ಕೂ ಸೇರಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇದ್ದು ದಿನನಿತ್ಯದ ಬದುಕನ್ನು ಕೆಡಿಸಿದರೆ ಪಿಟಿಎಸ್‌ಡಿ ಎನ್ನುತ್ತಾರೆ. ತನಗೇ ಏಟು ಬಿದ್ದಿರಬೇಕೆಂದಿಲ್ಲ, ಕಣ್ಣಾರೆ ಕಂಡದ್ದೂ ಸಾಕು. ಮೊದಮೊದಲ ವಾರಗಳಲ್ಲಿ ಇಂಥ ಲಕ್ಷಣಗಳು ಬಹಳ ಜನರಿಗೆ ಬಂದು ತಾವಾಗಿ ಇಳಿಯುತ್ತವೆ. ಏಳು ತಿಂಗಳಾದ ಮೇಲೂ ಇಳಿಯದಿದ್ದರೆ ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಐದು ಸಲ ಹೋದರೂ ಯಾಕೆ ಬದಲಾಗಲಿಲ್ಲ? ಈ ಕಾಯಿಲೆಯನ್ನು ಸಾಕುವುದು ತಪ್ಪಿಸಿಕೊಳ್ಳುವಿಕೆ. ಸ್ಟೇಷನ್ ಹತ್ತಿರ ಹೋಗುವಾಗ ಎದೆ ಬಡಿಯುತ್ತದೆ, ತಿರುಗಿ ಬಸ್ ಸ್ಟಾಪಿಗೆ ಬಂದ ಕೂಡಲೇ ಎದೆ ಹಗುರವಾಗುತ್ತದೆ. ಆ ಹಗುರವೇ ಮನಸ್ಸಿಗೆ ಪಾಠ ಕಲಿಸುತ್ತದೆ: ‘ತಪ್ಪಿಸಿಕೊಂಡದ್ದರಿಂದ ಉಳಿದೆ’ ಎಂದು. ನಾಳೆ ಹೆದರಿಕೆ ಇನ್ನೊಂದು ಹೆಜ್ಜೆ ಮುಂದೆ ಬಂದಿರುತ್ತದೆ. ನೆನಪಿನ ವಿಷಯವೂ ಹೀಗೆಯೇ. ಆ ಬೆಳಗಿನ ಮಾತು ಬಂದೊಡನೆ ಕೌನ್ಸೆಲರ್ ಕನಿಕರದಿಂದ ‘ಬೇಡ ಬಿಡಿ, ಅದನ್ನು ನೆನೆಸಿಕೊಳ್ಳಬೇಡಿ, ಉಸಿರು ಎಳೆದುಕೊಳ್ಳಿ’ ಎಂದರೆ, ಕ್ಲಿನಿಕ್ಕಿನಲ್ಲೂ ನಡೆಯುವುದು ತಪ್ಪಿಸಿಕೊಳ್ಳುವಿಕೆಯೇ. ಆದ್ದರಿಂದ ನೀವು ಹುಡುಕಬೇಕಾದವರು ಆ ನೆನಪಿನ ಮೇಲೆಯೇ, ಹದವರಿತು, ಕ್ರಮವಾಗಿ ಕೆಲಸ ಮಾಡಲು ತರಬೇತಿ ಪಡೆದವರು. ಇಂಗ್ಲಿಷಿನ ‘ಟ್ರಾಮಾ ಫೋಕಸ್ಡ್’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಫೋನಿನಲ್ಲಿ ಕೇಳಲು ಬೇಕಾಗುತ್ತದೆ.

ಹೆಚ್ಚು ಪರೀಕ್ಷೆಗೆ ಒಳಗಾಗಿ ನಿಂತ ವಿಧಾನಗಳು ಮೂರು. ಮೂರರ ಹೆಸರೂ ನಿಮಗೆ ಗೊತ್ತಿರಲಿ.

ಮೊದಲನೆಯದು ‘ಪ್ರೊಲಾಂಗ್ಡ್ ಎಕ್ಸ್‌ಪೋಶರ್’. ವಾರಕ್ಕೊಂದರಂತೆ 8ರಿಂದ 15 ಸಿಟಿಂಗ್, ಒಂದೊಂದು ಸುಮಾರು 90 ನಿಮಿಷ. ಮೊದಲೆರಡು ಭೇಟಿ ಪರಿಚಯ, ವಿವರಣೆ, ಉಸಿರಾಟದ ಅಭ್ಯಾಸಕ್ಕೆ ಹೋಗುತ್ತದೆ. ಆಮೇಲೆ ಎರಡು ಕೆಲಸ ಒಟ್ಟಿಗೆ ಸಾಗುತ್ತವೆ. ಒಂದು, ಕಣ್ಣು ಮುಚ್ಚಿ ಆ ಬೆಳಗನ್ನು ಈಗ ನಡೆಯುತ್ತಿದೆಯೋ ಎಂಬಂತೆ ಹೇಳುವುದು. ‘ನಿಂತಿದ್ದೆ’ ಎಂದಲ್ಲ, ‘ನಿಂತಿದ್ದೇನೆ, ಅವನ ಬ್ಯಾಗು ನನ್ನ ಮೊಣಕೈಗೆ ತಾಗುತ್ತಿದೆ’ ಎಂದು. ಅರ್ಧ ಮುಕ್ಕಾಲು ಗಂಟೆ, ಮತ್ತೆ ಮತ್ತೆ. ನಡುವೆ ಐದೈದು ನಿಮಿಷಕ್ಕೆ ಚಿಕಿತ್ಸಕರು ‘ಈಗ ಎಷ್ಟು?’ ಎಂದು ಕೇಳುತ್ತಾರೆ, ಸೊನ್ನೆಯಿಂದ ನೂರರೊಳಗೆ ಹೆದರಿಕೆಯ ಅಂಕ ಹೇಳಬೇಕು. ಇದೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಆಗುತ್ತದೆ, ಮನೆಯಲ್ಲಿ ದಿನಾ ಕೇಳಬೇಕು. ಕೇಳಿದವರಿಗೆ ಇದು ಗಾಯ ಕೆದಕಿದಂತೆ ಅನಿಸಬಹುದು. ಆದರೆ ತುಂಡುತುಂಡಾಗಿ ನುಗ್ಗುತ್ತಿದ್ದ ನೆನಪಿಗೆ ಮೊದಲು, ನಡು, ಕೊನೆ ಬರುವುದು ಹೀಗೆಯೇ. ಕೊನೆ ಇರುವ ನೆನಪು ‘ಆಗಿಹೋದದ್ದು’ ಆಗುತ್ತದೆ.

ಎರಡನೆಯ ಕೆಲಸ ಮೆಟ್ಟಿಲು. ಹೆದರುವ ಸಂಗತಿಗಳನ್ನೆಲ್ಲ ಬರೆದು, ಒಂದೊಂದಕ್ಕೂ ಅಂಕ ಕೊಟ್ಟು, ಕಡಿಮೆಯಿಂದ ಹೆಚ್ಚಿಗೆ ಜೋಡಿಸುವುದು. ಡೊಂಬಿವಲಿಯವರಿಗೆ ಅದು ಹೆಚ್ಚು ಕಡಿಮೆ ಹೀಗಿರಬಹುದು: ಸೇತುವೆಯ ಮೇಲೆ ನಿಂತು ಗಾಡಿ ಬರುವುದು ಹೋಗುವುದು ನೋಡುವುದು, 35. ಭಾನುವಾರ ಮಧ್ಯಾಹ್ನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರುವುದು, 45. ಬಾಗಿಲು ಮುಚ್ಚಿಕೊಳ್ಳುವ ಎಸಿ ಲೋಕಲ್ ಹತ್ತುವುದು, 55. ಖಾಲಿ ಸ್ಲೋ ಗಾಡಿಯಲ್ಲಿ ಒಳಗೆ ಸೀಟಿನಲ್ಲಿ ಕೂತು ಕೋಪರ್ ತನಕ ಹೋಗಿ ಬರುವುದು, 60. ಆಮೇಲೆ ದಿವಾ, ಮುಂಬ್ರಾ, ಕಲ್ವಾ, ಥಾಣೆ. ಆ ಜಾಗ ದಾಟುವಾಗ ಕಣ್ಣು ತೆರೆದಿರುವುದು, 90. ಒಂದು ಮೆಟ್ಟಿಲಲ್ಲಿ ಹೆದರಿಕೆ ಅರ್ಧಕ್ಕೆ ಇಳಿಯುವವರೆಗೆ, ಇಲ್ಲವೇ 30–45 ನಿಮಿಷವಾದರೂ ನಿಲ್ಲಬೇಕು ಎಂಬುದು ಲೆಕ್ಕ. ಕೋಪರ್ ಕೆಲವೇ ನಿಮಿಷದ ದಾರಿ, ಅಷ್ಟರಲ್ಲಿ ಎದೆಬಡಿತ ಏರುವುದಷ್ಟೇ ಆಗುತ್ತದೆ, ಇಳಿಯಲು ಸಮಯ ಸಿಗುವುದಿಲ್ಲ. ಹಾಗಾಗಿ ಪಾಸ್ ಇಟ್ಟುಕೊಂಡು ಅದೇ ಎರಡು ಸ್ಟೇಷನ್ ನಡುವೆ ನಾಲ್ಕಾರು ಸಲ ಓಡಾಡಬೇಕಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು, ಹೊರಗೆ ನೋಡದೆ, ‘ಪುಢೀಲ್ ಸ್ಟೇಷನ್’ ಎಂಬ ಘೋಷಣೆಯೂ ಕೇಳದ ಹಾಗೆ ಕೂತು ಬಂದರೆ ಅದು ಲೆಕ್ಕಕ್ಕಿಲ್ಲ. ಇನ್ನು ರಶ್ ಅವರ್‌ನಲ್ಲಿ ಬಾಗಿಲಲ್ಲಿ ನೇತಾಡುವುದು ಈ ಪಟ್ಟಿಯಲ್ಲಿ ಎಂದೂ ಬರಬಾರದು, ಅದು ನಿಜವಾದ ಅಪಾಯ, ಅಲ್ಲಿ ಹೆದರುವುದೇ ಸರಿ. ಯಾವುದು ಅನಗತ್ಯ ಹೆದರಿಕೆ, ಯಾವುದು ವಿವೇಕ ಎಂದು ಬಿಡಿಸಿ ಹೇಳಬಲ್ಲವರೇ ಒಳ್ಳೆಯ ಚಿಕಿತ್ಸಕರು. ಈ ಪಟ್ಟಿ ಹಿಡಿದು ನೀವೇ ಅವರನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಗಬೇಡಿ. ಮನೆಯವರು ಮಾಡುವಾಗ ಹೆಚ್ಚಾಗಿ ಆಗುವುದು ಇದು: ಮೂರನೇ ಮೆಟ್ಟಿಲಿಗೆ ಹಾರುವುದು, ಅರ್ಧದಲ್ಲಿ ಓಡಿ ಬರುವುದು, ಹೆದರಿಕೆ ಇಮ್ಮಡಿಯಾಗುವುದು.

ಎರಡನೆಯ ವಿಧಾನ ಸಿಪಿಟಿ, ಪೂರ್ತಿ ಹೆಸರು ‘ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ’. ಸಾಮಾನ್ಯವಾಗಿ 12 ಸಿಟಿಂಗ್, ಒಂದೊಂದು ಗಂಟೆ. ಇದರಲ್ಲಿ ಘಟನೆಯ ವಿವರಕ್ಕಿಂತ ಅದರಿಂದ ಮನಸ್ಸು ಕಟ್ಟಿಕೊಂಡ ತೀರ್ಪುಗಳ ಮೇಲೆ ಕೆಲಸ. ‘ಆ ದಿನ ನಾನು ಐದು ನಿಮಿಷ ತಡ ಮಾಡದಿದ್ದರೆ ಹಿಂದಿನ ಗಾಡಿ ಸಿಗುತ್ತಿತ್ತು’ ಎಂಬಂಥ ಮಾತನ್ನು ಕಾಗದದ ಮೇಲೆ ಬರೆಸಿ, ಆ ಕ್ಷಣದಲ್ಲಿ ನಿಮಗೆ ಏನು ಗೊತ್ತಿತ್ತು, ಏನು ಗೊತ್ತಿರಲು ಸಾಧ್ಯವಿತ್ತು, ಬೇರೆ ಯಾವ ಯಾವ ಕಾರಣಗಳಿದ್ದವು ಎಂದು ವಕೀಲರ ಹಾಗೆ ಕೆದಕುತ್ತಾರೆ. ತಪ್ಪಿತಸ್ಥ ಭಾವವೇ ದೊಡ್ಡದಾಗಿದ್ದರೆ ಇದು ಚೆನ್ನಾಗಿ ಹೊಂದುತ್ತದೆ. ಪ್ರತಿ ವಾರ ಬರೆಯುವ ಹೋಮ್‌ವರ್ಕ್ ಇರುತ್ತದೆ, ಬರೆಯಲು ಬೇಸರಪಡುವವರಿಗೆ ಕಷ್ಟ.

ಮೂರನೆಯದು ಇಎಂಡಿಆರ್. ಅಮೆರಿಕದ ಫ್ರಾನ್ಸೀನ್ ಶಪಿರೋ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದು, ಎಂಟು ಹಂತ. ನೆನಪಿನ ಅತಿ ಕೆಟ್ಟ ಚಿತ್ರವೊಂದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಚಿಕಿತ್ಸಕರ ಬೆರಳು ಎಡಬಲ ಚಲಿಸುವುದನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ‘ಈಗ ಏನು ಬಂತು?’ ಎನ್ನುತ್ತಾರೆ. ಉದ್ದಕ್ಕೆ ಮಾತಾಡಬೇಕಿಲ್ಲ, ಹೋಮ್‌ವರ್ಕ್ ಕಡಿಮೆ. ಮಾತು ಕಡಿಮೆ ಇರುವ ಗಂಡಸರಿಗೆ ಇದು ಒಗ್ಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಇದಕ್ಕೂ ಆಘಾತಕೇಂದ್ರಿತ ಸಿಬಿಟಿಗೂ (ಯೋಚನೆ, ನಡವಳಿಕೆಗಳ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ) ಜಾಗವಿದೆ. ಕಣ್ಣಿನ ಚಲನೆಯೇ ಗುಣ ಮಾಡುತ್ತದೆಯೋ, ನೆನಪನ್ನು ಎದುರಿಸುವುದೇ ಗುಣ ಮಾಡುತ್ತದೆಯೋ ಎಂಬ ವಾದ ತಜ್ಞರಲ್ಲಿ ಇನ್ನೂ ನಡೆದಿದೆ. ರೋಗಿಗೆ ಆ ಜಗಳ ಬೇಡ. ಮೂರರಲ್ಲಿ ಯಾವುದನ್ನು ಚೆನ್ನಾಗಿ ಬಲ್ಲವರು ಸಿಗುತ್ತಾರೋ ಅದನ್ನು ಹಿಡಿಯಿರಿ.

ಈಗ ಯಾರು ಯಾರು ಎಂಬ ಗೊಂದಲ. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಔಷಧ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಎಂಎ ಆದ ಮೇಲೆ ಎಂಫಿಲ್‌ನಂಥ ಕ್ಲಿನಿಕಲ್ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಎಲ್ಲರೂ ಆರ್‌ಸಿಐ ಎನ್ನುವ ಸಂಸ್ಥೆಯಲ್ಲಿ, ನೋಂದಾಯಿಸಿಕೊಂಡವರು. ಅವರಿಗೊಂದು ಸಿಆರ್‌ಆರ್ ನಂಬರ್ ಇರುತ್ತದೆ, ಕೇಳಿದರೆ ಕೊಡಬೇಕು, ಆರ್‌ಸಿಐ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಇನ್ನುಳಿದ ಕೌನ್ಸೆಲರ್, ಥೆರಪಿಸ್ಟ್, ಹೀಲರ್, ಕೋಚ್ ಎಂಬ ಬೋರ್ಡುಗಳ ಹಿಂದೆ ಎರಡು ವರ್ಷದ ಎಂಎ ಇರಬಹುದು, ಎರಡು ವಾರಾಂತ್ಯದ ಕೋರ್ಸೂ ಇರಬಹುದು. ಡಿಗ್ರಿ ಒಂದೇ ಮಾನದಂಡ ಅಂತಲೂ ಅಲ್ಲ. ಪಿಟಿಎಸ್‌ಡಿ ರೋಗಿಗಳನ್ನೇ ಹೆಚ್ಚು ನೋಡದ ಎಂಫಿಲ್‌ನವರಿಗಿಂತ, ಇಎಂಡಿಆರ್‌ನ ಮೂಲ ತರಬೇತಿ ಪೂರ್ತಿ ಮುಗಿಸಿ ಹಿರಿಯರ ಸೂಪರ್‌ವಿಷನ್‌ನಲ್ಲಿ ಕೆಲಸ ಮಾಡುತ್ತಿರುವ ಎಂಎ ಕೌನ್ಸೆಲರ್ ನಿಮಗೆ ಹೆಚ್ಚು ಉಪಯೋಗವಾದಾರು. ಡಿಗ್ರಿಯನ್ನೂ ಕೇಳಿ, ತರಬೇತಿಯನ್ನೂ ಕೇಳಿ.

ಎಲ್ಲಿಂದ ಶುರು ಮಾಡುವುದು? ನಮ್ಮ ಸಲಹೆ, ಮೊದಲು ದೊಡ್ಡ ಸರಕಾರಿ ಅಥವಾ ಪಾಲಿಕೆ ಆಸ್ಪತ್ರೆಯ ಸೈಕಿಯಾಟ್ರಿ ಓಪಿಡಿ. ಪರೇಲಿನ ಕೆಇಎಂ, ಸಯನ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹುವಿನ ಕೂಪರ್, ಭಾಯ್ಖಳಾದ ಜೆಜೆ – ಇಲ್ಲೆಲ್ಲ ವಿಭಾಗಗಳಿವೆ. ಆದರೆ ನಿಮ್ಮ ತೊಡಕು ಬೇರೆ: ಆಸ್ಪತ್ರೆಗೆ ಹೋಗಲಿಕ್ಕೇ ಟ್ರೇನ್ ಬೇಕು! ಹಾಗಾಗಿ ರಸ್ತೆಯಲ್ಲಿ ಹೋಗಬಹುದಾದ ಕಲ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ನಿಮಗೆ ಹತ್ತಿರ. ಥಾಣೆಯ ಪ್ರಾದೇಶಿಕ ಮನೋರುಗ್ಣಾಲಯದಲ್ಲೂ ಓಪಿಡಿ ಇದೆ. ಮುಂಬಯಿಯಲ್ಲಿ ‘ಥಾಣೆಗೆ ಕಳಿಸಬೇಕು’ ಎಂದು ತಮಾಷೆ ಮಾಡುವುದು ರೂಢಿ, ಓಪಿಡಿಗೆ ಹೋದ ಮಾತ್ರಕ್ಕೆ ಯಾರೂ ಭರ್ತಿ ಮಾಡಿಕೊಳ್ಳುವುದಿಲ್ಲ. ಪುಣೆಯವರಿಗೆ ಸಸೂನ್, ಗೋವಾದವರಿಗೆ ಬಾಂಬೋಳಿಯ ಸರಕಾರಿ ಮನೋರೋಗ ಆಸ್ಪತ್ರೆ ಐಪಿಎಚ್‌ಬಿ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಅದಕ್ಕೆ ಆಗುವುದು ಅಲ್ಪ ದುಡ್ಡು. ಅಲ್ಲಿ ಕಾಯಿಲೆಯ ನಿರ್ಧಾರ ಆಗುತ್ತದೆ, ಔಷಧ ಬೇಕೋ ಬೇಡವೋ ತಿಳಿಯುತ್ತದೆ, ದಾಖಲೆಯೂ ಆಗುತ್ತದೆ. ಕೊರತೆಯನ್ನೂ ಹೇಳಬೇಕು. ಓಪಿಡಿಯ ಗದ್ದಲದಲ್ಲಿ ಪ್ರತಿ ವಾರ 90 ನಿಮಿಷ ಒಬ್ಬರೇ ಡಾಕ್ಟರ್ ಸಿಗುವುದು ಕಷ್ಟ, ರೆಸಿಡೆಂಟ್ ಡಾಕ್ಟರುಗಳು ಬದಲಾಗುತ್ತಿರುತ್ತಾರೆ, ಪ್ರತಿ ಸಲ ಮೊದಲಿನಿಂದ ಕಥೆ ಹೇಳಬೇಕಾಗುತ್ತದೆ. ಆದ್ದರಿಂದ ಮೊದಲ ದಿನವೇ ‘ಇಲ್ಲಿನ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಟ್ರಾಮಾ ಥೆರಪಿಗೆ ಬರೆದುಕೊಡಿ’ ಎಂದು ಕೇಳಿ. ಸರತಿ ಉದ್ದವಿದ್ದರೆ ಔಷಧಕ್ಕೆ ಅಲ್ಲಿ, ಥೆರಪಿಗೆ ಖಾಸಗಿಯಲ್ಲಿ ಎಂದು ಹಂಚಿಕೊಳ್ಳಿ. ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಆ ದಾರಿಯೂ ಇದೆ, ಹೋಟೆಲ್ ಕೆಲಸದವರು ಅದನ್ನು ಮರೆತೇಬಿಡುತ್ತಾರೆ.

ಕನ್ನಡದ ಪ್ರಶ್ನೆ ಸಣ್ಣದಲ್ಲ. ಹೋಟೆಲಿನ ಹಿಂದಿ, ವ್ಯವಹಾರದ ಮರಾಠಿ ನಿಮ್ಮವರಿಗೆ ಸಲೀಸು ಇರಬಹುದು. ಆದರೆ ಗೆಳೆಯ ಬೀಳುವ ಮುಂಚೆ ಅವರಿಬ್ಬರೂ ಮಾತಾಡುತ್ತಿದ್ದದ್ದು ಕುಂದಾಪುರದ ಕನ್ನಡದಲ್ಲಿ ತಾನೇ? ಆ ಕೊನೆಯ ಮಾತು ಹಿಂದಿಗೆ ಬಂದರೆ ಅದರ ಕಾವೇ ಆರಿಹೋಗುತ್ತದೆ, ಚಿಕಿತ್ಸೆಗೆ ಬೇಕಾದದ್ದು ಆ ಕಾವು. ಕನ್ನಡ ಬಲ್ಲವರು ಸಿಕ್ಕರೆ ಮೊದಲ ಆದ್ಯತೆ ಅವರಿಗೆ. ಸಿಗದಿದ್ದರೆ ಚಿಕಿತ್ಸೆ ನಿಲ್ಲಬೇಕಿಲ್ಲ: ವಿವರಣೆ, ಚರ್ಚೆ ಹಿಂದಿಯಲ್ಲಿ ನಡೆಯಲಿ, ನೆನಪನ್ನು ಹೇಳುವಾಗ ಕನ್ನಡದಲ್ಲೇ ಹೇಳುತ್ತೇನೆ ಎಂದು ಕೇಳಿಕೊಳ್ಳಬಹುದು. ರೆಕಾರ್ಡಿಂಗ್ ಕೇಳಬೇಕಾದವರು ರೋಗಿಯೇ, ಚಿಕಿತ್ಸಕರಿಗೆ ಹೆದರಿಕೆಯ ಅಂಕ ಮತ್ತು ಆಮೇಲಿನ ಸಾರಾಂಶ ಸಾಕಾಗುತ್ತದೆ. ಇಎಂಡಿಆರ್‌ನಲ್ಲಂತೂ ಭಾಷೆಯ ತೊಡಕು ಇನ್ನೂ ಕಡಿಮೆ.

ಹುಡುಕುವ ದಾರಿಗಳು: ಮೊದಲು 14416. ಇದು ಕೇಂದ್ರ ಸರಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಉಚಿತ, ದಿನದ 24 ಗಂಟೆ, ಭಾಷೆಗಳಲ್ಲಿ ಕನ್ನಡವೂ ಇದೆ. ಫೋನಿನಲ್ಲೇ ಇಡೀ ಥೆರಪಿ ಆಗುವುದಿಲ್ಲ, ಆದರೆ ಹತ್ತಿರದ ಸೇವೆ ಎಲ್ಲಿದೆ ಎಂದು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ನೋಡುವವರಿದ್ದಾರೆ, ಮಣಿಪಾಲ ನಿಮ್ಮ ಊರಿಗೆ ಹತ್ತಿರ. ರಜೆ ಸಿಗುವುದಾದರೆ ಒಂದು ಮಾತು ವಿಚಾರಿಸಿ: ಪ್ರೊಲಾಂಗ್ಡ್ ಎಕ್ಸ್‌ಪೋಶರನ್ನು ವಾರಕ್ಕೊಂದರ ಬದಲು ದಿನಕ್ಕೊಂದರಂತೆ ಎರಡು ವಾರದಲ್ಲಿ ಮಾಡುವ ಕ್ರಮವೂ ಇದೆ. ಆದರೆ ಮೆಟ್ಟಿಲಿನ ಕೆಲಸಕ್ಕೆ ಇಲ್ಲಿನ ಲೋಕಲ್ಲೇ ಬೇಕು, ಕೊಂಕಣ ರೈಲು ಹತ್ತಿ ಇಳಿದರೆ ಆ ಲೆಕ್ಕ ತೀರುವುದಿಲ್ಲ. ಕರ್ನಾಟಕದಲ್ಲಿರುವ ಚಿಕಿತ್ಸಕರ ಜೊತೆ ವಿಡಿಯೋದಲ್ಲೂ ಈ ಚಿಕಿತ್ಸೆ ಮಾಡಬಹುದು, ಇಎಂಡಿಆರ್ ಕೂಡ. ಒಂದು ರೂಮ್ ಕಿಚನ್ ಮನೆಯಲ್ಲಿ ಗಂಟೆಗಟ್ಟಲೆ ಏಕಾಂತ ಎಲ್ಲಿಂದ ತರುವುದು ಎಂಬುದನ್ನು ಮಾತ್ರ ಮೊದಲೇ ಯೋಚಿಸಿ. ಮಕ್ಕಳು ಶಾಲೆಗೆ ಹೋದ ಹೊತ್ತು, ನೀವು ಮಾರ್ಕೆಟ್ಟಿಗೆ ಹೋಗುವ ಹೊತ್ತು ಗೊತ್ತು ಮಾಡಿ. ಕೆಲಸದ ನಡುವೆ ಹೋಟೆಲಿನ ಸ್ಟೋರ್ ರೂಮಿನಲ್ಲಿ ಕೂತು ಮಾಡುವುದು ಬೇಡ. ಸಿಟಿಂಗ್ ಮುಗಿದ ಮೇಲೆ ಅರ್ಧ ಗಂಟೆಯಾದರೂ ಯಾರ ಮುಖವನ್ನೂ ನೋಡದೆ ಇರುವ ಹಾಗಿರಬೇಕು.

ಜಾತಿ ಸಂಘ, ಕನ್ನಡ ಸಂಘದವರ ಮೂಲಕ ಹುಡುಕಬಹುದೇ? ಡಾಕ್ಟರುಗಳ ಹೆಸರು ಕೇಳಲು ಅಡ್ಡಿಯಿಲ್ಲ. ‘ಯಾರಿಗೆ?’ ಎಂದು ಕೇಳಿದರೆ ‘ಪರಿಚಯದವರಿಗೆ’ ಎಂದಷ್ಟೇ ಹೇಳಿ. ಚಿಕಿತ್ಸಕರು ನಿಮ್ಮ ನೆಂಟರ ನೆಂಟರಾಗಿದ್ದರೆ, ಅಥವಾ ತೀರಿಹೋದವನ ಮನೆಯವರಿಗೂ ಪರಿಚಿತರಾಗಿದ್ದರೆ, ಬಿಟ್ಟುಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದೇ ಹೇಳಿದೆ, ಆದರೆ ಮದುವೆ ಮನೆಯಲ್ಲಿ ಎದುರು ಬದುರು ಕೂತಾಗ ಆಗುವ ಇರುಸುಮುರುಸಿಗೆ ಕಾಯ್ದೆಯಲ್ಲಿ ಪರಿಹಾರವಿಲ್ಲ.

ಮೂರು ನಾಲ್ಕು ಹೆಸರು ಸಿಕ್ಕ ಮೇಲೆ ಫೋನ್ ಮಾಡಿ. ಹತ್ತು ನಿಮಿಷ ಮಾತಾಡಲು ಒಪ್ಪದವರನ್ನು ಅಲ್ಲಿಗೇ ಬಿಡಿ. ‘ಪಿಟಿಎಸ್‌ಡಿಗೆ ಯಾವ ವಿಧಾನ ಬಳಸುತ್ತೀರಿ, ಎಲ್ಲಿ ಕಲಿತಿರಿ?’ ಎಂಬುದು ಮೊದಲ ಪ್ರಶ್ನೆ. ಮೇಲಿನ ಮೂರರಲ್ಲೊಂದರ ಹೆಸರು, ಅಥವಾ ‘ಟ್ರಾಮಾ ಫೋಕಸ್ಡ್ ಸಿಬಿಟಿ’ ಎಂಬ ಉತ್ತರ ಬರಬೇಕು. ‘ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸೇರಿಸಿ ಮಾಡುತ್ತೇನೆ’ ಎಂದರೆ ಯಾವುದನ್ನೂ ಪೂರ್ತಿ ಮಾಡುವುದಿಲ್ಲ ಎಂದು ತಿಳಿಯಬಹುದು. ‘ಸುಧಾರಿಸಿದೆಯೆಂದು ಹೇಗೆ ಅಳೆಯುತ್ತೀರಿ?’ ಎಂದು ಕೇಳಿ. ಪಿಸಿಎಲ್-5 ಎಂಬ 20 ಪ್ರಶ್ನೆಗಳ ಹಾಳೆ ಇದೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು, ಒಟ್ಟು 80. ಸಾಮಾನ್ಯವಾಗಿ 31–33ರ ಮೇಲೆ ಬಂದರೆ ಪಿಟಿಎಸ್‌ಡಿ ಇರಬಹುದೆಂದು ಮುಂದಿನ ಪರೀಕ್ಷೆ ಮಾಡುತ್ತಾರೆ. ಆಗಾಗ ಅದನ್ನು ತುಂಬಿಸುವವರು ಕೆಲಸದ ಬಗ್ಗೆ ಗಂಭೀರವಾಗಿದ್ದಾರೆಂದು ಅರ್ಥ, ಏಕೆಂದರೆ ‘ಪರವಾಗಿಲ್ಲ ಸಾರ್’ ಎನ್ನುವ ಗಂಡಸರ ಹಾಳೆಯಲ್ಲಿ 52 ಇರುವುದುಂಟು. ಹತ್ತು ಹದಿನೈದು ಅಂಕ ಇಳಿದರೆ ನಿಜವಾದ ಬದಲಾವಣೆ. ‘ಸಿಟಿಂಗ್ ಮಧ್ಯೆ ಅವರು ತುಂಬ ಕಂಗೆಟ್ಟರೆ ಏನು ಮಾಡುತ್ತೀರಿ?’ ಎಂಬುದನ್ನೂ ಕೇಳಿ, ಇದಕ್ಕೆ ಸಿದ್ಧ ಉತ್ತರ ಇಲ್ಲದವರ ಹತ್ತಿರ ನೆನಪನ್ನು ಬಿಚ್ಚಿಸಬಾರದು. ಎರಡೇ ಸಿಟಿಂಗಿನಲ್ಲಿ ಗ್ಯಾರಂಟಿ ಎನ್ನುವವರು, ಹಿಂದಿನ ಜನ್ಮಕ್ಕೆ ಕರೆದೊಯ್ಯುವವರು, ಮೊದಲ ದಿನವೇ ಎಲ್ಲ ಹೇಳಿಬಿಡಿ ಎನ್ನುವವರು, 20 ಸಿಟಿಂಗಿನ ಪ್ಯಾಕೇಜಿಗೆ ಮುಂಗಡ ಕೇಳುವವರು – ಇವರ ಹತ್ತಿರ ಹೋಗಬೇಡಿ.

ದುಡ್ಡಿನ ಮಾತು. ಮುಂಬಯಿ ಖಾಸಗಿಯಲ್ಲಿ ಒಂದು ಸಿಟಿಂಗಿಗೆ ಸಾಮಾನ್ಯವಾಗಿ 1,000ದಿಂದ 3,000 ರೂಪಾಯಿ, ಹೆಸರಾದವರಲ್ಲಿ ಇನ್ನೂ ಹೆಚ್ಚು. 1,500ರಂತೆ 12 ಸಿಟಿಂಗ್ ಹಿಡಿದರೆ 18,000, ಮೂರು ತಿಂಗಳಲ್ಲಿ. ದೊಡ್ಡ ಮೊತ್ತವೇ, ಆದರೆ ಇದು ಕೊನೆಯಿರುವ ಖರ್ಚು. ವರ್ಷಗಟ್ಟಲೆ ಎಳೆಯುವ ‘ಬಂದು ಮಾತಾಡಿ ಹೋಗಿ’ಗಿಂತ ಅಗ್ಗ. ‘ಕಡಿಮೆ ಫೀಸಿನ ಸ್ಲಾಟ್ ಇದೆಯೇ?’ ಎಂದು ನಾಚದೆ ಕೇಳಿ, ಹಲವರು ಒಂದೆರಡು ಇಟ್ಟಿರುತ್ತಾರೆ. ತಪ್ಪಿದ ಸಿಟಿಂಗಿಗೂ ಫೀಸ್ ಹಿಡಿಯುತ್ತಾರೆಯೇ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ನೋಡಬೇಕೆಂದು 2017ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಆದರೆ ಓಪಿಡಿ ಸೌಲಭ್ಯ ಇಲ್ಲದ ಪಾಲಿಸಿಯಲ್ಲಿ ಹಣ ಬರುವುದು ಆಸ್ಪತ್ರೆಗೆ ಭರ್ತಿಯಾದರೆ ಮಾತ್ರ, ವಾರದ ಥೆರಪಿಗೆ ಅಲ್ಲ.

ನಿದ್ರೆ ಮಾತ್ರೆಯ ವಿಷಯಕ್ಕೆ ಬರೋಣ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಅಲ್ಪ್ರಜೋಲಂ, ಕ್ಲೋನಜಿಪಂ, ಲೋರಜಿಪಂ ಇಂಥ ಹೆಸರಿದ್ದರೆ ಅದು ಬೆಂಜೊಡಯಾಜಿಪೀನ್ ಗುಂಪಿನದು. ಪಿಟಿಎಸ್‌ಡಿಗೆ ಇವುಗಳನ್ನು ಶಿಫಾರಸು ಮಾಡುವುದಿಲ್ಲ. ಅಭ್ಯಾಸವಾಗಿಬಿಡುತ್ತವೆ, ಮತ್ತು ಮೆಟ್ಟಿಲಿನ ಪಾಠ ಮನಸ್ಸಿಗಿಳಿಯಲು ಬಿಡುವುದಿಲ್ಲ: ಮಾತ್ರೆ ನುಂಗಿ ಪ್ಲಾಟ್‌ಫಾರ್ಮಿನಲ್ಲಿ ಕೂತವನಿಗೆ ‘ಮಾತ್ರೆ ಇದ್ದದ್ದಕ್ಕೆ ಬದುಕಿದೆ’ ಎಂದಷ್ಟೇ ಗೊತ್ತಾಗುತ್ತದೆ. ಹಾಗೆಂದು ನಾಳೆಯೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡದ್ದನ್ನು ಥಟ್ಟನೆ ಬಿಟ್ಟರೆ ನಿದ್ರೆ ಪೂರ್ತಿ ಹೋಗುತ್ತದೆ, ಫಿಟ್ಸ್ ಕೂಡ ಬರಬಹುದು. ಮನೋವೈದ್ಯರು ವಾರವಾರ ಸ್ವಲ್ಪ ಸ್ವಲ್ಪ ಇಳಿಸಿಕೊಡುತ್ತಾರೆ. ಪಿಟಿಎಸ್‌ಡಿಗೆ ಬಳಸುವ ಔಷಧ ಸರ್ಟ್ರಲೀನ್, ಪ್ಯಾರಾಕ್ಸಿಟೀನ್, ವೆನ್ಲಫಾಕ್ಸೀನ್ ಇಂಥವು. ಇವು ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ಬೇಕು. ಮೊದಲ ಹತ್ತು ಹದಿನೈದು ದಿನ ಹೊಟ್ಟೆ ತೊಳಸುವುದು, ಚಡಪಡಿಕೆ ಇರುತ್ತದೆ, ‘ಒಗ್ಗುವುದಿಲ್ಲ’ ಎಂದು ಬಹಳ ಜನ ಬಿಡುವುದು ಆಗಲೇ. ಕೆಲಸ ಮುಗಿಸಿ ಬಂದು ಒಂದು ಪೆಗ್ ಹಾಕಿ ಮಲಗುವ ರೂಢಿ ಶುರುವಾಗಿದ್ದರೆ ಅದನ್ನು ಡಾಕ್ಟರಿಂದ ಮುಚ್ಚಿಡಬೇಡಿ, ಆ ನಿದ್ರೆ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರಾಟಕ್ಕೇ ಅಪಾಯ.

ಚಿಕಿತ್ಸೆ ಎಡವುವ ಜಾಗ ಹೆಚ್ಚಾಗಿ ಮೂರನೆಯ ನಾಲ್ಕನೆಯ ಸಿಟಿಂಗ್. ನೆನಪನ್ನು ಮೊದಲ ಸಲ ಪೂರ್ತಿ ಹೇಳಿದ ವಾರ ಕನಸುಗಳು ಹೆಚ್ಚಬಹುದು, ಸಿಡುಕು ಏರಬಹುದು. ಮನೆಯವರು ‘ಮೊದಲೇ ಪರವಾಗಿರಲಿಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಎರಡು ಮೂರು ವಾರ ತಾಳಿ, ಹೀಗಾಗುತ್ತಿದೆ ಎಂದು ಚಿಕಿತ್ಸಕರಿಗೆ ತಿಳಿಸಿ. ಇನ್ನೊಂದು ಕಡೆಯ ತಪ್ಪೂ ಇದೆ: ಆರೇಳು ಸಿಟಿಂಗ್ ಆದರೂ ಆ ದಿನದ ಮಾತೇ ಬಂದಿಲ್ಲ, ಪಿಸಿಎಲ್ ಅಂಕ ಇದ್ದಲ್ಲೇ ಇದೆ ಎಂದಾದರೆ ನೇರವಾಗಿ ಕೇಳಿ, ‘ಯಾವಾಗ ಶುರು ಮಾಡುತ್ತೀರಿ?’ ಎಂದು. ಉತ್ತರ ಸರಿಬರದಿದ್ದರೆ ಬದಲಿಸಿ. ಈಗಿನ ಕೌನ್ಸೆಲರ್‌ಗೂ ಇದೇ ಪ್ರಶ್ನೆ ಒಮ್ಮೆ ಕೇಳಬಹುದು, ಅವರೇ ಸರಿಯಾದವರ ಹೆಸರು ಬರೆದುಕೊಟ್ಟಾರು.

ಮನೆಯಲ್ಲಿ ನೀವು ಮಾಡಬಹುದಾದದ್ದು ಸ್ವಲ್ಪವೇ. ರಾತ್ರಿ ಬೆಚ್ಚಿ ಎದ್ದಾಗ ಮೈ ಹಿಡಿದು ಅಲುಗಾಡಿಸಬೇಡಿ, ಅರೆನಿದ್ದೆಯಲ್ಲಿ ಕೈ ಬೀಸಿಬಿಡಬಹುದು. ಲೈಟ್ ಹಾಕಿ, ಒಂದು ಮಾರು ದೂರದಿಂದ ಹೆಸರೋ, ‘ಏನ್ರೀ’ ಎಂದೋ ಕರೆದು, ‘ಮನೆಯಲ್ಲಿದ್ದೀರಿ, ಡೊಂಬಿವಲಿ, ಈಗ ರಾತ್ರಿ ಎರಡು ಗಂಟೆ’ ಎಂದು ಹೇಳಿ. ತಣ್ಣೀರಿನ ಲೋಟ ಕೈಗೆ ಕೊಡಿ. ಕುಕ್ಕರ್ ಇಡುವಾಗ ‘ಸೀಟಿ ಬರುತ್ತದೆ’ ಎಂದು ಹೇಳಿ ಇಡಿ, ಕುಕ್ಕರನ್ನೇ ಅಟ್ಟಕ್ಕೆ ಏರಿಸಬೇಡಿ. ‘ಮರೆತುಬಿಡಿ’ ಎಂಬ ಮಾತು ಬೇಡ.

ಇದೆಲ್ಲಕ್ಕಿಂತ ಮೊದಲು ಒಂದು ಪ್ರಶ್ನೆಯನ್ನು ನೀವೇ, ಇವತ್ತೇ, ಸಮಾಧಾನದಿಂದ ಕೇಳಬೇಕು: ‘ಸತ್ತುಹೋಗಬೇಕು ಅಂತ ಅನಿಸುತ್ತದೆಯೇ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಹೌದು ಎಂದರೆ, ಅಥವಾ ‘ಅವನ ಬದಲು ನಾನು ಹೋಗಬೇಕಿತ್ತು’ ಎಂಬ ಮಾತು ಪದೇ ಪದೇ ಬಂದರೆ, ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳಿ, 14416ಕ್ಕೆ ಫೋನ್ ಮಾಡಿ ಅಥವಾ ನೇರ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ, ತುರ್ತಿಗೆ 112.

ಅತ್ತೆಯವರ ಮಾತಿಗೆ ಜಗಳ ಬೇಡ. ಊರಿಗೆ ಹೋದಾಗ ದೈವಕ್ಕೆ ಕೈಮುಗಿದು ಬನ್ನಿ, ಅದರಿಂದ ಅವರಿಗೂ ನಿಮ್ಮವರಿಗೂ ಧೈರ್ಯ ಬರುವುದಾದರೆ ಒಳ್ಳೆಯದೇ. ಸಿಟಿಂಗ್ ತಪ್ಪಿಸಿ ಹೋಗುವುದು, ಹರಕೆಯಾಯಿತೆಂದು ಮಾತ್ರೆ ನಿಲ್ಲಿಸುವುದು, ಇವೆರಡಕ್ಕೆ ಮಾತ್ರ ಒಪ್ಪಬೇಡಿ. ಗೆಳೆಯನ ಮನೆಯವರ ಫೋನಿಗೆ ಸದ್ಯಕ್ಕೆ ನೀವೇ ಉತ್ತರಿಸಿ: ‘ಅವರಿಗೆ ಇನ್ನೂ ಮಾತಾಡಲು ಆಗುತ್ತಿಲ್ಲ, ಆದಾಗ ಅವರೇ ಮಾಡುತ್ತಾರೆ’ ಎಂದು. ಆ ಫೋನ್ ಕೂಡ ಮೆಟ್ಟಿಲಿನ ಪಟ್ಟಿಯಲ್ಲಿ ಬರುತ್ತದೆ, ಬಹುಶಃ ಟ್ರೇನಿಗಿಂತ ಮೇಲೆ.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಘಟನೆಯ ತಾರೀಕು (ವಿವರ ಬೇಡ, ಅದನ್ನು ಹೇಳಬೇಕಾದವರು ಅವರು), ನಿದ್ರೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ಸಲ ಬೆಚ್ಚಿ ಏಳುತ್ತಾರೆ, ಯಾವ ಯಾವ ಜಾಗ ತಪ್ಪಿಸುತ್ತಾರೆ, ಕುಡಿತ ಇದ್ದರೆ ಎಷ್ಟು. ಈಗಿನ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಬಿಸಾಡದೆ ಜೊತೆಗೆ ಒಯ್ಯಿರಿ. ಹೋಟೆಲಿನಲ್ಲಿ ಬೆಳಗಿನ ಶಿಫ್ಟ್ ಬಿಡಿಸಿಕೊಳ್ಳಲು ಡಾಕ್ಟರ್ ಚೀಟಿ ಬೇಕಿದ್ದರೆ ಅದನ್ನೂ ಅಂದೇ ಕೇಳಿ. ‘ಚಿಕಿತ್ಸೆಯಲ್ಲಿದ್ದಾರೆ’ ಎಂದಷ್ಟೇ ಬರೆದರೆ ಸಾಕು, ಕಾಯಿಲೆಯ ಹೆಸರು ಬೇಕಿಲ್ಲ.